ಬುಲಿಮಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ಬುಲಿಮಿಯಾ ಇರುವವರಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಅದನ್ನು ಯಾರಿಗೂ ಹೇಳದೆ ಕಳೆಯುತ್ತಾರೆ. ಒಂದೇ ಸೂರಿನಡಿ ಇರುವವರಿಗೂ ಗೊತ್ತಾಗುವುದಿಲ್ಲ. ಬಾಯಿಬಿಟ್ಟು ಕೇಳಲು ನಾಚಿಕೆಯಾಗುವ ಪ್ರಶ್ನೆಗಳೇ ಇಲ್ಲಿ ಜಾಸ್ತಿ. ಮೊದಲಿನಿಂದಲೇ ಓದಬೇಕು ಅಂತೇನಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

ಬುಲಿಮಿಯಾ ಅಂದರೆ ಏನು?

ಇದೊಂದು ಮಾನಸಿಕ ಕಾಯಿಲೆ. ತಿನ್ನುವುದಕ್ಕೆ ಸಂಬಂಧಪಟ್ಟ ಕಾಯಿಲೆಗಳ ಗುಂಪಿಗೆ ಸೇರುತ್ತದೆ. ವೈದ್ಯರು ಇಡುವ ಪೂರ್ತಿ ಹೆಸರು ಬುಲಿಮಿಯಾ ನರ್ವೋಸಾ.

ಇದರಲ್ಲಿ ಮೂರು ವಿಷಯ ಒಟ್ಟಿಗೆ ಇರುತ್ತವೆ. ಒಂದು, ಆಗಾಗ ಕೈಮೀರಿ ತಿನ್ನುವುದು. ಇದನ್ನೇ ಬಿಂಜ್ ಅನ್ನುತ್ತಾರೆ. ಎರಡು, ತಿಂದದ್ದರಿಂದ ತೂಕ ಹೆಚ್ಚಬಾರದು ಅಂತ ಏನಾದರೂ ಮಾಡುವುದು. ಕೆಲವರು ವಾಂತಿ ಮಾಡಿಕೊಳ್ಳುತ್ತಾರೆ, ಕೆಲವರು ಭೇದಿ ಮಾಡಿಸುವ ಮಾತ್ರೆ (ಭೇದಿ ಮಾತ್ರೆ) ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಾರೆ. ಇನ್ನು ಕೆಲವರು ಮರುದಿನವಿಡೀ ಉಪವಾಸ ಇರುತ್ತಾರೆ, ಇಲ್ಲವೇ ಮೈ ಸೋತುಹೋಗುವವರೆಗೂ ವ್ಯಾಯಾಮ ಮಾಡುತ್ತಾರೆ. ಮೂರನೆಯದು, ತಮ್ಮ ಬೆಲೆಯನ್ನೆಲ್ಲ ತೂಕ ಮತ್ತು ಮೈಕಟ್ಟಿನಿಂದಲೇ ಅಳೆಯುವುದು. ಬೆಳಗ್ಗೆ ತೂಕದ ಯಂತ್ರ ತೋರಿಸುವ ಅಂಕಿಯೇ ಆ ದಿನ ಹೇಗಿರಬೇಕು ಅಂತ ತೀರ್ಮಾನಿಸಿಬಿಡುತ್ತದೆ.

2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ಅಮೆರಿಕದ ವೈದ್ಯಕೀಯ ಕೈಪಿಡಿಯ ಪ್ರಕಾರ, ಕೈಮೀರಿ ತಿನ್ನುವುದು ಮತ್ತು ಅದನ್ನು ಸರಿದೂಗಿಸಲು ವಾಂತಿಯಂಥದ್ದು ಮಾಡುವುದು ಎರಡೂ ಸರಾಸರಿ ವಾರಕ್ಕೆ ಒಮ್ಮೆಯಾದರೂ 3 ತಿಂಗಳು ನಡೆದರೆ ಅದು ಬುಲಿಮಿಯಾ. ಅದಕ್ಕಿಂತ ಕಡಿಮೆ ಇದೆ ಅಂತ ಸುಮ್ನೆ ಇರಬೇಡಿ. ತಿಂಗಳಿಗೆ ಎರಡು ಸಲ ವಾಂತಿ ಮಾಡಿಕೊಳ್ಳುವವರಿಗೂ ಸಹಾಯ ಬೇಕೇ ಬೇಕು.

ಇದು ಈಚಿನ ಕಾಯಿಲೆಯೇ?

ಹೆಸರು ಈಚಿನದು. ಬ್ರಿಟನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ 1979ರಲ್ಲಿ 30 ರೋಗಿಗಳ ಬಗ್ಗೆ ಬರೆದ ಲೇಖನದಲ್ಲಿ ಇದನ್ನು ಮೊದಲ ಸಲ ಬೇರೆ ಕಾಯಿಲೆಯಾಗಿ ಗುರುತಿಸಿ, ಹೆಸರಿಟ್ಟರು. ಪದೇ ಪದೇ ಬೆರಳು ಹಾಕಿ ವಾಂತಿ ಮಾಡಿಕೊಳ್ಳುವವರ ಬೆರಳ ಗೆಣ್ಣಿನ ಮೇಲೆ ಹಲ್ಲು ತಾಗಿ ಗಾಯ, ಗಡಸು ಚರ್ಮ ಆಗುವುದನ್ನೂ ಅವರೇ ಬರೆದರು. ವೈದ್ಯರು ಅದನ್ನು ಇವತ್ತಿಗೂ ರಸೆಲ್ ಗುರುತು ಅಂತಲೇ ಕರೆಯುತ್ತಾರೆ.

ಯಾವತ್ತೋ ಒಂದು ದಿನ ಎಲ್ಲರೂ ಜಾಸ್ತಿ ತಿನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಇಷ್ಟವಾದದ್ದು ಸಿಕ್ಕಾಗ ಹೊಟ್ಟೆ ಬಿರಿಯುವಷ್ಟು ತಿಂದು, "ಅಯ್ಯೋ, ಜಾಸ್ತಿಯಾಯ್ತು" ಅಂತ ಮಲಗುವುದು ಕಾಯಿಲೆ ಅಲ್ಲ. ಅಲ್ಲಿ ಖುಷಿ ಇರುತ್ತದೆ, ಜೊತೆಗೆ ಜನ ಇರುತ್ತಾರೆ.

ಬಿಂಜ್ ಹಾಗಿರುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆ. ದೀಪ ಹಾಕಿರುವುದಿಲ್ಲ, ಫ್ರಿಜ್ ಬಾಗಿಲು ತೆರೆದಾಗ ಬರುವ ಬೆಳಕೇ ಸಾಕು. ನಿಂತುಕೊಂಡೇ ತಿನ್ನುವುದು. ತಟ್ಟೆ ಇಲ್ಲ. ಮಧ್ಯಾಹ್ನದ ಉಳಿಕೆ ತಣ್ಣಗಿದ್ದರೂ ಹಾಗೇ ಬಾಯಿಗೆ, ಅದರ ಮೇಲೆ ಬಿಸ್ಕತ್ತು, ಅದರ ಮೇಲೆ ಬ್ರೆಡ್ಡು. ಮೊದಲ ನಾಲ್ಕು ತುತ್ತು ಬಿಟ್ಟರೆ ರುಚಿಯೂ ಗೊತ್ತಾಗುವುದಿಲ್ಲ. "ಸಾಕು" ಅಂತ ಮನಸ್ಸು ಹೇಳುತ್ತಿದ್ದರೂ ಕೈ ನಿಲ್ಲುವುದಿಲ್ಲ. ಆಮೇಲೆ ಖಾಲಿ ಪೊಟ್ಟಣಗಳನ್ನು ಕಸದ ಬುಟ್ಟಿಯ ತಳಕ್ಕೆ ತುರುಕುವುದು, ಬೆಳಗ್ಗೆ ಯಾರಿಗೂ ಕಾಣಬಾರದು ಅಂತ.

ಎಷ್ಟು ತಿಂದರು ಅನ್ನುವುದರ ಜೊತೆಗೆ, ತನ್ನ ಕೈಯಲ್ಲಿ ಏನೂ ಇಲ್ಲ ಅನ್ನಿಸಿತಾ ಅನ್ನುವುದನ್ನೂ ವೈದ್ಯರು ಕೇಳುವುದು ಇದಕ್ಕೇ.

ನನ್ನ ಮಗಳು ಸಣ್ಣಗೇನೂ ಆಗಿಲ್ಲ. ಆದರೂ ಬುಲಿಮಿಯಾ ಇರಬಹುದಾ?

ಖಂಡಿತ ಇರಬಹುದು. ಬುಲಿಮಿಯಾ ಇರುವ ಹೆಚ್ಚಿನವರ ತೂಕ ಸಾಮಾನ್ಯವಾಗಿಯೇ ಇರುತ್ತದೆ, ಕೆಲವರದು ಅದಕ್ಕಿಂತ ಜಾಸ್ತಿ. ನೋಡಿ ಕಂಡುಹಿಡಿಯಲು ಆಗುವುದಿಲ್ಲ. ರಾಜಕುಮಾರಿ ಡಯಾನಾ 1995ರ ಟೀವಿ ಸಂದರ್ಶನದಲ್ಲಿ ತಮಗೆ ವರ್ಷಗಟ್ಟಲೆ ಬುಲಿಮಿಯಾ ಇತ್ತು ಎಂದು ಹೇಳಿದ್ದರು. ತೂಕ ಹೆಚ್ಚುಕಡಿಮೆ ಹಾಗೇ ಇರುವುದರಿಂದ ಯಾರಿಗೂ ತಿಳಿಯದಂತೆ ಮುಚ್ಚಿಡಬಹುದು ಅಂತಲೂ ಅವರು ವಿವರಿಸಿದ್ದರು.

"ನಾನು ಅಷ್ಟೊಂದು ಸಣ್ಣ ಇಲ್ಲ, ಡಾಕ್ಟರ್ ನಂಬುವುದಿಲ್ಲ" ಅಂತ ಎಷ್ಟೋ ಜನ ಆಸ್ಪತ್ರೆಗೆ ಹೋಗುವುದೇ ಇಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ತೂಕ ಸರಿಯಾಗಿದ್ದವರ ರಕ್ತದಲ್ಲೂ, ಹೃದಯ ಲಯ ತಪ್ಪದೆ ಬಡಿಯಲು ಬೇಕಾದ ಪೊಟ್ಯಾಶಿಯಂ ಅಪಾಯದ ಮಟ್ಟಕ್ಕೆ ಇಳಿದಿರಬಹುದು.

ಅನೊರೆಕ್ಸಿಯಾ ಮತ್ತು ಬುಲಿಮಿಯಾ ಬೇರೆ ಬೇರೆಯೇ?

ಹೌದು. ತಿನ್ನುವುದಕ್ಕೆ ಸಂಬಂಧಪಟ್ಟ ಇನ್ನೊಂದು ಕಾಯಿಲೆಯಾದ ಅನೊರೆಕ್ಸಿಯಾದಲ್ಲಿ ತೂಕ ತೀರಾ ಕಡಿಮೆ ಇರುತ್ತದೆ. ಅವರಲ್ಲೂ ಕೆಲವರು ಬಿಂಜ್ ಮಾಡಿ ವಾಂತಿ ಮಾಡಿಕೊಳ್ಳುತ್ತಾರೆ, ಆದ್ದರಿಂದ ಗೊಂದಲ ಸಹಜ. ಕೈಮೀರಿ ತಿಂದು, ಆಮೇಲೆ ವಾಂತಿ, ಉಪವಾಸದಂಥ ಕೆಲಸ ಏನೂ ಮಾಡದಿದ್ದರೆ ಅದು ಬಿಂಜ್ ಈಟಿಂಗ್ ಡಿಸಾರ್ಡರ್ ಎಂಬ ಮೂರನೆಯ ಕಾಯಿಲೆ. ಕಾಲ ಕಳೆದಂತೆ ಒಬ್ಬರೇ ಒಂದರಿಂದ ಇನ್ನೊಂದಕ್ಕೆ ಜಾರುವುದೂ ಉಂಟು.

ಇದು ಯಾಕೆ ಬರುತ್ತದೆ?

ಒಂದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅವಳಿಗಳ ಮೇಲೆ ನಡೆದ ಅಧ್ಯಯನಗಳಿಂದ ವಂಶವಾಹಿಯ ಪಾಲೂ ಇದೆ ಅಂತ ಗೊತ್ತಾಗಿದೆ. ಚಿಕ್ಕಂದಿನಲ್ಲಿ "ಡುಮ್ಮಿ", "ಡುಮ್ಮ" ಅಂತ ಆಡಿಸಿಕೊಂಡದ್ದು, ದೌರ್ಜನ್ಯ, ಖಿನ್ನತೆ, ಆತಂಕ, ಎಲ್ಲದರಲ್ಲೂ ತಪ್ಪಿಲ್ಲದಂತೆ ಇರಬೇಕು ಅನ್ನುವ ಸ್ವಭಾವ, ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಸಾಮಾನ್ಯವಾಗಿ ಶುರುವಾಗುವುದು ಹದಿಹರೆಯದ ಕೊನೆಯಲ್ಲಿ ಅಥವಾ ಯೌವನದ ಮೊದಲ ವರ್ಷಗಳಲ್ಲಿ.

ಸುತ್ತಲಿನ ಸಮಾಜದ ಪ್ರಭಾವ ಎಷ್ಟಿರಬಹುದು ಅನ್ನುವುದಕ್ಕೆ ಫಿಜಿ ದ್ವೀಪದ ಅಧ್ಯಯನ ನೋಡಬೇಕು. ಅಲ್ಲಿನ ನಾದ್ರೋಗಾ ಪ್ರದೇಶಕ್ಕೆ ಟೀವಿ ಬಂದದ್ದು 1995ರಲ್ಲಿ. ಆ್ಯನ್ ಬೆಕರ್ ಎಂಬ ಸಂಶೋಧಕಿ ಟೀವಿ ಬಂದ ಹೊಸದರಲ್ಲಿ ಒಮ್ಮೆ, 1998ರಲ್ಲಿ ಇನ್ನೊಮ್ಮೆ ಶಾಲೆಯ ಹುಡುಗಿಯರನ್ನು ಪ್ರಶ್ನಿಸಿದರು. ತೂಕಕ್ಕೆ ಹೆದರಿ ವಾಂತಿ ಮಾಡಿಕೊಳ್ಳುತ್ತೇವೆ ಅಂದವರು ಮೊದಲ ಸಲ ಒಬ್ಬರೂ ಇರಲಿಲ್ಲ. ಮೂರು ವರ್ಷದ ನಂತರ ಶೇ. 11.3ರಷ್ಟು ಹುಡುಗಿಯರು ಹಾಗೆ ಹೇಳಿದರು. ಟೀವಿಯೊಂದೇ ಕಾರಣ ಅಂತ ಇದರಿಂದ ಹೇಳಲು ಆಗುವುದಿಲ್ಲ. ಆದರೆ ತೆಳ್ಳಗಿನ ಮೈಗಳನ್ನೇ ದಿನಾ ನೋಡುತ್ತಾ ಬೆಳೆಯುವುದು ಸಣ್ಣ ವಿಷಯ ಅಲ್ಲ ಅಂತ ಇದನ್ನು ಓದಿದಾಗೆಲ್ಲ ನನಗೆ ಅನ್ನಿಸುತ್ತದೆ.

ಎಷ್ಟೋ ಜನರ ಕಥೆಯಲ್ಲಿ ಬುಲಿಮಿಯಾಕ್ಕೂ ಮೊದಲು ಕಾಣುವುದು ಡಯಟ್. ಊಟ ಬಿಡುವುದು, ಒಂದೊಂದೇ ಪದಾರ್ಥ ದೂರ ಮಾಡುವುದು, "ಇಷ್ಟೇ ತಿನ್ನಬೇಕು" ಅಂತ ಕಟ್ಟುನಿಟ್ಟು ಹಾಕಿಕೊಳ್ಳುವುದು. ಮುಂದಿನ ಉತ್ತರವನ್ನೂ ಇದರ ಜೊತೆಗೇ ಓದಿ.

ಮನಸ್ಸು ಗಟ್ಟಿ ಮಾಡಿಕೊಂಡರೆ ನಿಲ್ಲಿಸಬಹುದಲ್ವಾ?

ಬುಲಿಮಿಯಾ ಇರುವವರಿಗೆ ಅತಿ ಹೆಚ್ಚು ನೋವು ಕೊಡುವ ಮಾತು ಇದೇ. ಅವರು ಈಗಾಗಲೇ ಮನಸ್ಸು ಗಟ್ಟಿ ಮಾಡಿಕೊಂಡೇ ಇರುತ್ತಾರೆ, ಅದೂ ಪ್ರತಿದಿನ. ಬೆಳಗ್ಗೆ ಏನೂ ತಿನ್ನದೆ, ಮಧ್ಯಾಹ್ನ ಒಂದಿಷ್ಟು ಸೊಪ್ಪುಸದೆ ತಿಂದು ಸಂಜೆಯವರೆಗೆ ತಡೆದುಕೊಳ್ಳುವುದಕ್ಕೆ ಕಡಿಮೆ ಛಲ ಬೇಕಾ?

ತೊಂದರೆ ಇರುವುದೇ ಅಲ್ಲಿ. ಹಸಿದ ದೇಹ ಸುಮ್ಮನೆ ಕೂರುವುದಿಲ್ಲ. 1944-45ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ತಾವಾಗಿಯೇ ಒಪ್ಪಿ ಬಂದ 36 ಆರೋಗ್ಯವಂತ ಗಂಡಸರನ್ನು ಸುಮಾರು 6 ತಿಂಗಳು ಅರೆಹೊಟ್ಟೆಯಲ್ಲಿ ಇರಿಸಿ ಪರೀಕ್ಷೆ ಮಾಡಿದರು. ಅವರಿಗೆ ಬೇರೆ ಯಾವ ಯೋಚನೆಯೂ ಬರದಂತಾಯಿತು. ಇಡೀ ದಿನ ಊಟದ್ದೇ ಮಾತು. ಕೆಲವರು ಅಡುಗೆ ಪುಸ್ತಕ ಕೂಡಿಡಲು ಶುರು ಮಾಡಿದರು, ತಟ್ಟೆ ನೆಕ್ಕಿದರು. ಒಂದಿಬ್ಬರು ನಿಯಮ ಮುರಿದು ಸಿಕ್ಕಾಪಟ್ಟೆ ತಿಂದು, ಆಮೇಲೆ ತಮ್ಮನ್ನೇ ಹಳಿದುಕೊಂಡರು. ಪರೀಕ್ಷೆ ಮುಗಿದು ಬೇಕಾದಷ್ಟು ಊಟ ಸಿಕ್ಕಾಗಲೂ ಕೆಲವರಿಗೆ ಎಷ್ಟು ತಿಂದರೂ ತೃಪ್ತಿ ಆಗಲಿಲ್ಲ. ಇವರಿಗೆ ಮೊದಲು ಯಾವ ಮಾನಸಿಕ ತೊಂದರೆಯೂ ಇರಲಿಲ್ಲ. ಹಸಿವು ಅವರನ್ನು ಹಾಗೆ ಮಾಡಿತು.

ಬುಲಿಮಿಯಾದಲ್ಲೂ ಇದೇ ನಡೆಯುತ್ತದೆ. ಹಸಿವು ಬಿಂಜ್‌ಗೆ ತಳ್ಳುತ್ತದೆ. ಬಿಂಜ್ ಆದ ಮೇಲೆ ಭಯ, ನಾಚಿಕೆ. ಭಯ ವಾಂತಿಗೆ ತಳ್ಳುತ್ತದೆ. ವಾಂತಿಯಾದ ಮೇಲೆ "ನಾಳೆಯಿಂದ ಇನ್ನೂ ಕಟ್ಟುನಿಟ್ಟು" ಅನ್ನುವ ಶಪಥ. ಆ ಶಪಥವೇ ಮರುದಿನದ ಹಸಿವು. ಹೀಗೆ ಗಾಣದೆತ್ತಿನ ಹಾಗೆ ಸುತ್ತುವುದು. ಮನಸ್ಸು ಇನ್ನಷ್ಟು ಗಟ್ಟಿ ಮಾಡಿದಷ್ಟೂ ಸುತ್ತು ಬಿಗಿಯಾಗುತ್ತದೆ. ಅದಕ್ಕೇ ಚಿಕಿತ್ಸೆಯಲ್ಲಿ ಬಿಂಜ್ ತಡೆದುಕೊಳ್ಳಿ ಅಂತ ಹೇಳುವುದಕ್ಕೂ ಮೊದಲು ಹೊತ್ತುಹೊತ್ತಿಗೆ ಊಟ ಮಾಡಿಸುತ್ತಾರೆ.

ಬೇಸರ, ಜಗಳ, ಒಂಟಿತನವೂ ಬಿಂಜ್‌ಗೆ ಕಿಡಿ ಹಚ್ಚುತ್ತವೆ, ನಿಜ. ಆದರೆ ಹೊಟ್ಟೆ ಖಾಲಿ ಇದ್ದಾಗ ಆ ಕಿಡಿ ಬೇಗ ಹತ್ತುತ್ತದೆ.

ವಾಂತಿ ಮಾಡಿದರೆ ಅಥವಾ ಭೇದಿ ಮಾತ್ರೆ ತಗೊಂಡರೆ ತಿಂದದ್ದೆಲ್ಲ ಹೋಗುತ್ತದೆ ಅಲ್ವಾ?

ಇಲ್ಲ. ವಾಂತಿಯಿಂದ ಎಲ್ಲವೂ ಹೊರಗೆ ಬರುವುದಿಲ್ಲ. ತಿಂದದ್ದರಲ್ಲಿ ಸಾಕಷ್ಟು ಪಾಲು ದೇಹದಲ್ಲೇ ಉಳಿಯುತ್ತದೆ.

ಭೇದಿ ಮಾತ್ರೆ ಮುಖ್ಯವಾಗಿ ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ. ಆಹಾರದ ಸತ್ವ ಅಷ್ಟರೊಳಗೆ ಸಣ್ಣ ಕರುಳಿನಲ್ಲಿ ಹೀರಿಕೊಂಡಾಗಿರುತ್ತದೆ. ಹೊರಗೆ ಹೋಗುವುದು ನೀರು ಮತ್ತು ಲವಣ. ತೂಕದ ಯಂತ್ರದಲ್ಲಿ ಅಂಕಿ ಇಳಿದಂತೆ ಕಂಡರೆ ಅದು ಆ ನೀರಿನ ತೂಕ. ನೀರು ಕುಡಿದ ಕೂಡಲೇ ಮತ್ತೆ ಏರುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯದೂ ಇದೇ ಕಥೆ. ಕೊಬ್ಬು ಕರಗುವುದಿಲ್ಲ, ಕಿಡ್ನಿ ಮತ್ತು ಹೃದಯಕ್ಕೆ ಪೆಟ್ಟು ಬೀಳುತ್ತದೆ.

ದೇಹಕ್ಕೆ ಏನೇನು ತೊಂದರೆ ಆಗಬಹುದು?

ಎಲ್ಲಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು. ವಾಂತಿ, ಭೇದಿಯ ಜೊತೆ ದೇಹದ ಪೊಟ್ಯಾಶಿಯಂ ಹೊರಟುಹೋಗುತ್ತದೆ. ಹೃದಯ ಲಯ ತಪ್ಪದೆ ಬಡಿಯಲು ಇದು ಬೇಕು. ತೀರಾ ಇಳಿದರೆ ಹೃದಯದ ಬಡಿತ ಏರುಪೇರಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಕೆಲವರಿಗೆ ಮುನ್ಸೂಚನೆ ಏನೂ ಇರುವುದಿಲ್ಲ, ರಕ್ತ ಪರೀಕ್ಷೆ ಮಾಡಿದಾಗಲೇ ತಿಳಿಯುವುದು.

ಹೊಟ್ಟೆಯ ಆಮ್ಲ ಪದೇ ಪದೇ ಮೇಲೆ ಬಂದು ಗಂಟಲು, ಅನ್ನನಾಳ ಉರಿಯುತ್ತವೆ. ಜೋರಾಗಿ ವಾಂತಿಯಾದಾಗ ಅನ್ನನಾಳದ ಒಳಪದರ ಸೀಳಿ ರಕ್ತ ಬರಬಹುದು. ಕಿವಿಯ ಕೆಳಗೆ, ದವಡೆಯ ಹತ್ತಿರದ ಜೊಲ್ಲಿನ ಗ್ರಂಥಿಗಳು ಊದಿಕೊಂಡು ಕೆನ್ನೆ ಉಬ್ಬಿದಂತೆ ಕಾಣುತ್ತದೆ. "ಮುಖ ದಪ್ಪ ಆಯ್ತು" ಅಂತ ಹೆದರಿ ಇನ್ನಷ್ಟು ವಾಂತಿ ಮಾಡಿಕೊಳ್ಳುವವರಿದ್ದಾರೆ. ಆದರೆ ಆ ಊತಕ್ಕೆ ವಾಂತಿಯೇ ಕಾರಣ, ನಿಲ್ಲಿಸಿದರೆ ನಿಧಾನಕ್ಕೆ ಇಳಿಯುತ್ತದೆ. ಮುಟ್ಟು ಏರುಪೇರಾಗುವುದು, ಮಲಬದ್ಧತೆ, ಸುಸ್ತು, ತಲೆಸುತ್ತು ಇವೂ ಸಾಮಾನ್ಯ.

ಟೈಪ್ 1 ಡಯಾಬಿಟಿಸ್ ಇರುವ ಕೆಲವರು ತೂಕ ಇಳಿಸಲು ಇನ್ಸುಲಿನ್ ಬಿಡುತ್ತಾರೆ. ಇದು ಬಹಳ ಬೇಗ ಜೀವಕ್ಕೆ ಅಪಾಯ ತರುತ್ತದೆ. ಡಯಾಬಿಟಿಸ್ ನೋಡುವ ವೈದ್ಯರಿಗೆ ಇದನ್ನು ಮುಚ್ಚಿಡಲೇಬೇಡಿ.

ಯಾವಾಗ ತಕ್ಷಣ ಆಸ್ಪತ್ರೆಗೆ ಹೋಗಬೇಕು?

ಪ್ರಜ್ಞೆ ತಪ್ಪಿದರೆ, ಎದೆ ನೋವು ಬಂದರೆ, ಎದೆ ಡವಡವ ಅಂದು ಬಡಿತ ತಪ್ಪಿದಂತೆ ಅನ್ನಿಸಿದರೆ, ವಾಂತಿಯಲ್ಲಿ ರಕ್ತ ಕಂಡರೆ, ಕೈಕಾಲು ತೀರಾ ನಿತ್ರಾಣವಾದರೆ ಅಥವಾ ಫಿಟ್ಸ್ ಬಂದರೆ ಕಾಯಬೇಡಿ. ಸಾಯಬೇಕು ಅನ್ನಿಸಿದರೂ ಅಷ್ಟೇ ತುರ್ತು. ಬುಲಿಮಿಯಾ ಇರುವವರಲ್ಲಿ ಆತ್ಮಹತ್ಯೆಯ ಅಪಾಯ ಬೇರೆಯವರಿಗಿಂತ ಜಾಸ್ತಿ. ಆ ಯೋಚನೆ ಬಂದಾಗ ಒಬ್ಬರೇ ಇರಬೇಡಿ. ಯಾರನ್ನಾದರೂ ಎಬ್ಬಿಸಿ ಹೇಳಿ, ಅಪರಾತ್ರಿ ಆಗಿದ್ದರೂ ಸರಿ.

ವಾಂತಿಯಾದ ಕೂಡಲೇ ಹಲ್ಲುಜ್ಜಬೇಕಾ?

ಬೇಡ. ಆಮ್ಲ ತಾಗಿ ಹಲ್ಲಿನ ಮೇಲಿನ ಎನಾಮಲ್ ಮೆತ್ತಗಾಗಿರುತ್ತದೆ. ಆಗ ಉಜ್ಜಿದರೆ ಇನ್ನೂ ಸವೆಯುತ್ತದೆ. ನೀರಿನಿಂದ ಬಾಯಿ ಮುಕ್ಕಳಿಸಿ, ಕಡಿಮೆ ಅಂದರೂ ಅರ್ಧ ಗಂಟೆ ಬಿಟ್ಟು ಉಜ್ಜಿ. ಮೇಲಿನ ಮುಂದಿನ ಹಲ್ಲುಗಳ ಹಿಂಬದಿ ಸವೆದಿರುವುದನ್ನು ನೋಡಿ ದಂತವೈದ್ಯರೇ ಕೆಲವೊಮ್ಮೆ ಮೊದಲು ಗುರುತಿಸುತ್ತಾರೆ. ಅವರು ಕೇಳಿದರೆ ನಿಜ ಹೇಳಿಬಿಡಿ.

ಗಂಡಸರಿಗೂ ಬರುತ್ತದಾ?

ಬರುತ್ತದೆ. ಹೆಂಗಸರಲ್ಲಿ ಜಾಸ್ತಿ ಅನ್ನುವುದು ನಿಜ, ಆದರೆ ಗಂಡಸರು ಹೇಳಿಕೊಳ್ಳುವುದೂ ಕಡಿಮೆ. ಬ್ರಿಟನ್ನಿನ ಉಪಪ್ರಧಾನಿಯಾಗಿದ್ದ ಜಾನ್ ಪ್ರೆಸ್ಕಾಟ್ ತಮಗೆ ಬುಲಿಮಿಯಾ ಇತ್ತು ಎಂದು 2008ರಲ್ಲಿ ಬಹಿರಂಗವಾಗಿ ಹೇಳಿದರು. ಆಗ ಅವರಿಗೆ ಸುಮಾರು 70 ವರ್ಷ. ಹುಡುಗರಲ್ಲಿ ಇದು ಜಿಮ್ಮಿನ ಹುಚ್ಚಿನ ಹಿಂದೆ ಅಡಗಿರಬಹುದು. ತಿಂದದ್ದನ್ನು ಕರಗಿಸಲೇಬೇಕು ಅಂತ ಜ್ವರ ಬಂದಾಗಲೂ, ಕಾಲು ಉಳುಕಿದಾಗಲೂ ಓಡಲು ಹೋಗುವ ಹುಡುಗನನ್ನು "ಎಷ್ಟು ಶಿಸ್ತು" ಅಂತ ಮನೆಯವರು ಹೊಗಳುತ್ತಿರುತ್ತಾರೆ.

ನನಗೆ ಇದೆಯಾ ಅಂತ ಹೇಗೆ ತಿಳಿಯುವುದು?

ಬ್ರಿಟನ್ನಿನ ವೈದ್ಯರು 1999ರಲ್ಲಿ ಪ್ರಕಟಿಸಿದ ಸ್ಕಾಫ್ ಎಂಬ 5 ಪ್ರಶ್ನೆಗಳ ಪಟ್ಟಿ ಇದೆ. ಹೊಟ್ಟೆ ತುಂಬಿ ಕಸಿವಿಸಿಯಾದಾಗ ನೀವಾಗಿಯೇ ವಾಂತಿ ಮಾಡಿಕೊಳ್ಳುತ್ತೀರಾ? ಎಷ್ಟು ತಿನ್ನುತ್ತೀರಿ ಅನ್ನುವುದು ನಿಮ್ಮ ಹಿಡಿತದಲ್ಲಿಲ್ಲ ಅಂತ ಚಿಂತೆಯಾಗಿದೆಯಾ? ಈಚಿನ 3 ತಿಂಗಳಲ್ಲಿ 6 ಕೆಜಿಗಿಂತ ಜಾಸ್ತಿ ತೂಕ ಇಳಿದಿದೆಯಾ? ಬೇರೆಯವರು ಸಣ್ಣ ಇದ್ದೀಯ ಅಂದರೂ ನೀವು ದಪ್ಪ ಅಂತಲೇ ಅನ್ನಿಸುತ್ತದಾ? ನಿಮ್ಮ ಬದುಕನ್ನು ಊಟದ ಯೋಚನೆಯೇ ಆಳುತ್ತಿದೆಯಾ?

ಎರಡಕ್ಕೆ ಅಥವಾ ಅದಕ್ಕಿಂತ ಹೆಚ್ಚಿಗೆ "ಹೌದು" ಅಂದರೆ ವೈದ್ಯರನ್ನು ನೋಡುವುದು ಒಳ್ಳೆಯದು. ಇದರಿಂದ ಕಾಯಿಲೆ ಖಚಿತವಾಗುವುದಿಲ್ಲ. ಹಾಗೆಯೇ, ಒಂದಕ್ಕೇ "ಹೌದು" ಅಂದರೂ ನಿಮಗೆ ಸಂಕಟ ಆಗುತ್ತಿದ್ದರೆ ಹೋಗಿ.

ಡಾಕ್ಟರ್ ಹತ್ತಿರ ಹೋಗಿ ಏನಂತ ಹೇಳಲಿ? ನಾಚಿಕೆಯಾಗುತ್ತದೆ.

ಉದ್ದಕ್ಕೆ ಹೇಳಬೇಕಾಗಿಲ್ಲ. "ನಾನು ಜಾಸ್ತಿ ತಿಂದು ಆಮೇಲೆ ವಾಂತಿ ಮಾಡಿಕೊಳ್ಳುತ್ತೇನೆ, ನಿಲ್ಲಿಸಲು ಆಗುತ್ತಿಲ್ಲ." ಇಷ್ಟು ಸಾಕು. ಬಾಯಿಂದ ಬರದಿದ್ದರೆ ಚೀಟಿಯಲ್ಲಿ ಬರೆದು ಮುಂದಿಡಿ. ವೈದ್ಯರು ತೂಕ, ಬಿಪಿ ನೋಡುತ್ತಾರೆ, ರಕ್ತ ಪರೀಕ್ಷೆ ಮಾಡಿಸುತ್ತಾರೆ, ಬೇಕಾದರೆ ಇಸಿಜಿ ತೆಗೆಸುತ್ತಾರೆ. ತೂಕದ ಅಂಕಿ ನೋಡಲು ನಿಮಗೆ ಇಷ್ಟವಿಲ್ಲ ಅಂದರೆ ಬೆನ್ನು ತಿರುಗಿಸಿ ನಿಲ್ಲುತ್ತೇನೆ ಅಂತ ಕೇಳಬಹುದು. ಯಾವ ಮಾತ್ರೆ ಎಷ್ಟು ನುಂಗುತ್ತಿದ್ದೀರಿ ಅನ್ನುವುದನ್ನು ಮಾತ್ರ ಸರಿಯಾಗಿ ಹೇಳಿ. ಒಬ್ಬ ವೈದ್ಯರು ಹಗುರವಾಗಿ ತಗೊಂಡರೆ ಇನ್ನೊಬ್ಬರ ಹತ್ತಿರ ಹೋಗಿ.

ಚಿಕಿತ್ಸೆ ಅಂದರೆ ಏನು ಮಾಡುತ್ತಾರೆ?

ದೊಡ್ಡವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಸಾಬೀತಾಗಿರುವುದು ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ತಿನ್ನುವ ಕಾಯಿಲೆಗಳಿಗೆಂದೇ ಇದನ್ನು ರೂಪಿಸಿದವರಲ್ಲಿ ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಫೇರ್‌ಬರ್ನ್ ಮುಖ್ಯರು. ಸಾಮಾನ್ಯವಾಗಿ 20 ವಾರಗಳಲ್ಲಿ ಸುಮಾರು 20 ಭೇಟಿ.

ಮೊದಲು ಒಂದು ಪುಸ್ತಕದಲ್ಲಿ ತಿಂದದ್ದನ್ನು ಆಗಿಂದಾಗಲೇ ಬರೆಯುವುದು. ಕ್ಯಾಲೊರಿ ಲೆಕ್ಕ ಅಲ್ಲ. ಎಷ್ಟು ಹೊತ್ತಿಗೆ, ಎಲ್ಲಿ, ಏನು, ಆಗ ಮನಸ್ಸು ಹೇಗಿತ್ತು, ಆಮೇಲೆ ಏನು ಮಾಡಿದೆ ಅಂತ. ಒಂದೆರಡು ವಾರದಲ್ಲೇ ಒಂದು ಮಾದರಿ ಕಾಣುತ್ತದೆ. "ಮಧ್ಯಾಹ್ನ ಊಟ ಬಿಟ್ಟ ದಿನವೆಲ್ಲ ಸಂಜೆ 7ಕ್ಕೆ ಬಿಂಜ್" ಅನ್ನುವಂಥದ್ದು ಕಣ್ಣೆದುರೇ ಬರೆದುಕೊಂಡಿರುತ್ತದೆ.

ಅದರ ಜೊತೆಗೆ ದಿನಕ್ಕೆ 3 ಊಟ, 2 ಅಥವಾ 3 ಸಲ ಸಣ್ಣ ತಿಂಡಿ. ಎಚ್ಚರ ಇರುವ ಹೊತ್ತಿನಲ್ಲಿ 4 ಗಂಟೆಗಿಂತ ಜಾಸ್ತಿ ಅಂತರ ಬೇಡ. ಹಿಂದಿನ ರಾತ್ರಿ ಬಿಂಜ್ ಆಗಿದ್ದರೂ ಬೆಳಗ್ಗೆ ತಿಂಡಿ ಬಿಡುವ ಹಾಗಿಲ್ಲ. ಎಲ್ಲಕ್ಕಿಂತ ಕಷ್ಟ ಇದೇ, ಎಲ್ಲಕ್ಕಿಂತ ಹೆಚ್ಚು ಉಪಯೋಗವೂ ಇದರಿಂದಲೇ. ಮುಂದೆ, ಹೆದರಿ ಬಿಟ್ಟಿದ್ದ ಪದಾರ್ಥಗಳನ್ನು ಒಂದೊಂದಾಗಿ ಮತ್ತೆ ತಿನ್ನುವುದು, ಕನ್ನಡಿ ಮತ್ತು ತೂಕದ ಯಂತ್ರದ ಮುಂದೆ ನಿಲ್ಲುವುದನ್ನು ಕಡಿಮೆ ಮಾಡುವುದು, ಬೇಸರವನ್ನು ಬೇರೆ ದಾರಿಯಲ್ಲಿ ನಿಭಾಯಿಸುವುದು ಇವೆಲ್ಲ ಬರುತ್ತವೆ.

ಹದಿಹರೆಯದವರಿಗೆ ಮನೆಯವರನ್ನೂ ಸೇರಿಸಿಕೊಂಡು ಮಾಡುವ ಚಿಕಿತ್ಸೆ ಇದೆ. ಅಪ್ಪ ಅಮ್ಮನನ್ನು ತಪ್ಪಿತಸ್ಥರ ಜಾಗದಲ್ಲಿ ಕೂರಿಸದೆ ಜೊತೆಗಾರರಾಗಿ ಮಾಡಿಕೊಳ್ಳುತ್ತಾರೆ.

ಮಾತ್ರೆಯಿಂದ ಗುಣವಾಗುತ್ತದಾ?

ಬುಲಿಮಿಯಾಕ್ಕೆಂದು ಅಮೆರಿಕದಲ್ಲಿ ಔಷಧಿಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿರುವ ಔಷಧಿ ಫ್ಲುಯೊಕ್ಸೆಟಿನ್. ಖಿನ್ನತೆಗೆ ಸಾಮಾನ್ಯವಾಗಿ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ, ದಿನಕ್ಕೆ 60 ಮಿಲಿಗ್ರಾಂ ಕೊಡುವುದುಂಟು. ಇದು ಬಿಂಜ್ ಮತ್ತು ವಾಂತಿಯನ್ನು ಕಡಿಮೆ ಮಾಡುತ್ತದೆ. ಮಾತಿನ ಚಿಕಿತ್ಸೆಯ ಬದಲು ಇದೊಂದನ್ನೇ ನಂಬಿಕೊಳ್ಳುವುದು ಸರಿಯಲ್ಲ, ವೈದ್ಯರು ಹೇಳದೆ ಶುರು ಮಾಡುವುದಂತೂ ಬೇಡವೇ ಬೇಡ. ಬುಪ್ರೊಪಿಯಾನ್ ಎಂಬ ಇನ್ನೊಂದು ಖಿನ್ನತೆಯ ಮಾತ್ರೆಯನ್ನು ಬುಲಿಮಿಯಾ ಇರುವವರಿಗೆ ಕೊಡಬಾರದು, ಫಿಟ್ಸ್ ಬರುವ ಅಪಾಯವಿದೆ. ಖಿನ್ನತೆಗೆ ಮಾತ್ರೆ ಬರೆಸಿಕೊಳ್ಳುವಾಗ ಬುಲಿಮಿಯಾ ವಿಷಯ ಹೇಳಲೇಬೇಕು ಅನ್ನುವುದು ಇದಕ್ಕೇ.

ಮೂರು ಹೊತ್ತು ತಿಂದರೆ ದಪ್ಪ ಆಗುತ್ತೇನಲ್ಲ?

ಈ ಭಯ ಎಲ್ಲರಿಗೂ ಇರುತ್ತದೆ. ವಾಂತಿ, ಮಾತ್ರೆ ನಿಲ್ಲಿಸಿದ ಮೊದಲ ದಿನಗಳಲ್ಲಿ ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ. ಕಾಲು, ಮುಖ ಊದಿದಂತೆ, ಹೊಟ್ಟೆ ಉಬ್ಬಿದಂತೆ ಅನ್ನಿಸಬಹುದು. ಅದು ಕೊಬ್ಬಲ್ಲ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಊತ ಜಾಸ್ತಿ ಇದ್ದರೆ ವೈದ್ಯರಿಗೆ ತೋರಿಸಿ. ಚಿಕಿತ್ಸೆಯಿಂದ ಸರಾಸರಿ ತೂಕ ಅಂಥದ್ದೇನೂ ಬದಲಾಗುವುದಿಲ್ಲ, ಯಾಕೆಂದರೆ ಊಟ ಸರಿಯಾದಾಗ ಬಿಂಜ್ ಕಡಿಮೆಯಾಗುತ್ತದೆ. ಕೆಲವರಿಗೆ ಸ್ವಲ್ಪ ಏರುತ್ತದೆ, ಕೆಲವರಿಗೆ ಇಳಿಯುತ್ತದೆ.

ಮಗಳಿಗೆ ಇದೆ ಅಂತ ಅನುಮಾನ. ಹೇಗೆ ಮಾತಾಡಲಿ?

ಊಟದ ಹೊತ್ತಿನಲ್ಲಿ ಬೇಡ, ಬಚ್ಚಲಮನೆಯ ಬಾಗಿಲು ತಟ್ಟುತ್ತಲೂ ಬೇಡ. ಇಬ್ಬರೇ ಇದ್ದಾಗ, ಅವಸರ ಇಲ್ಲದ ಹೊತ್ತು ನೋಡಿ. ಪಕ್ಕಪಕ್ಕ ನಡೆಯುವಾಗ ಮಾತು ಸುಲಭ, ಮುಖ ನೋಡಬೇಕಾಗಿರುವುದಿಲ್ಲ.

ನೀವು ಕಂಡದ್ದನ್ನಷ್ಟೇ ಹೇಳಿ. "ಊಟ ಆದ ಕೂಡಲೇ ನೀನು ಎದ್ದು ಹೋಗ್ತೀಯ, ನಲ್ಲಿ ತುಂಬ ಹೊತ್ತು ಓಡ್ತಿರುತ್ತೆ. ಕಣ್ಣು ಕೆಂಪಾಗಿರುತ್ತೆ ಪುಟ್ಟಿ. ನನಗೆ ಸಿಟ್ಟಿಲ್ಲ ಕಣೇ, ಭಯ ಆಗಿದೆ. ಏನಾಗ್ತಿದೆ ಅಂತ ಹೇಳ್ತೀಯಾ?" ಇಷ್ಟು ಹೇಳಿ ಸುಮ್ಮನಾಗಿ. ಅವಳು "ಏನಿಲ್ಲಮ್ಮ, ಗ್ಯಾಸ್" ಅನ್ನಬಹುದು. ಸಿಡುಕಬಹುದು. ವಾದಕ್ಕೆ ಇಳಿಯಬೇಡಿ. "ಸರಿ. ಹೇಳಬೇಕು ಅನ್ನಿಸಿದಾಗ ನಾನಿದ್ದೀನಿ" ಅಂತ ಹೇಳಿ, ಕೆಲವು ದಿನ ಬಿಟ್ಟು ಮತ್ತೆ ಕೇಳಿ. ಅವಳಿನ್ನೂ ಚಿಕ್ಕವಳಾಗಿದ್ದರೆ ಒಪ್ಪಿಗೆಗೆ ಕಾಯುತ್ತಾ ಕೂರದೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಮನೆಯಲ್ಲಿ ಏನು ಮಾಡಬಾರದು?

ಯಾರ ತೂಕದ ಬಗ್ಗೆಯೂ ಮಾತು ಬೇಡ, ನಿಮ್ಮದರ ಬಗ್ಗೆಯೂ. "ಈಗ ಚೆನ್ನಾಗಿ ಕಾಣ್ತೀಯ, ಸಣ್ಣ ಆಗಿದ್ದೀಯ" ಅನ್ನುವ ಹೊಗಳಿಕೆಯೂ ಬೇಡ. ತಿಂಡಿ ಡಬ್ಬಕ್ಕೆ ಬೀಗ ಹಾಕಬೇಡಿ, ಬಾಗಿಲ ಹೊರಗೆ ನಿಂತು ಕಿವಿಗೊಡಬೇಡಿ, ನೆಂಟರ ಮುಂದೆ ವಿಷಯ ಎತ್ತಬೇಡಿ. ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಿ. ಊಟವಾದ ಮೇಲೆ ಒಂದು ಗಂಟೆ ಜೊತೆಗಿರಿ, ಟೀವಿ ನೋಡಿ, ಹರಟೆ ಹೊಡೆಯಿರಿ. ವಾಂತಿಯ ಒತ್ತಡ ಜಾಸ್ತಿ ಇರುವುದು ಆ ಹೊತ್ತಿನಲ್ಲೇ.

ಪೂರ್ತಿ ವಾಸಿಯಾಗುತ್ತದಾ? ವಾಸಿಯಾದ ಮೇಲೆ ಮತ್ತೆ ಶುರುವಾದರೆ?

ತುಂಬ ಜನ ಪೂರ್ತಿ ಗುಣವಾಗಿದ್ದಾರೆ, ಹತ್ತಾರು ವರ್ಷ ಅನುಭವಿಸಿದವರೂ ಸೇರಿ. ಬೇಗ ಚಿಕಿತ್ಸೆ ಶುರು ಮಾಡಿದರೆ ದಾರಿ ಸುಲಭ.

ಮರುಕಳಿಸುವುದು ಅಪರೂಪವಲ್ಲ. ಪರೀಕ್ಷೆ, ಕೆಲಸ ಹೋಗುವುದು, ಹೆರಿಗೆ, ಹತ್ತಿರದವರ ಸಾವು, ಇಂಥ ಹೊತ್ತಿನಲ್ಲಿ ಹಳೆಯ ಅಭ್ಯಾಸ ತಲೆ ಎತ್ತಬಹುದು. ಒಂದು ಸಲ ಬಿಂಜ್ ಆಯಿತು ಅಂದರೆ ಮೊದಲಿನ ಶ್ರಮವೆಲ್ಲ ನೀರಿಗೆ ಹೋಯಿತು ಅಂತಲ್ಲ. ಆ ದಿನ ಮಾಡಬೇಕಾದ ಕೆಲಸ ಒಂದೇ: ಮುಂದಿನ ಊಟವನ್ನು ಅದರ ಹೊತ್ತಿಗೆ ಸರಿಯಾಗಿ ಮಾಡುವುದು. ವಾರದೊಳಗೆ ಇನ್ನೊಮ್ಮೆ ಆದರೆ ಮೊದಲು ನೋಡಿದ ವೈದ್ಯರಿಗೆ ಅಥವಾ ಆಪ್ತಸಮಾಲೋಚಕರಿಗೆ ಫೋನ್ ಮಾಡಿ, ಚಿಕಿತ್ಸೆಯಲ್ಲಿ ತಿಂದದ್ದನ್ನು ಬರೆಯುತ್ತಿದ್ದ ಪುಸ್ತಕ ತೆಗೆದು ಮತ್ತೆ ಬರೆಯಲು ಶುರು ಮಾಡಿ.